ಎರಡನೇ ಸಲ ಕೇಳುವವರು

ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ನಡುವೆ ಎಲ್ಲಾದರೂ ದನಿ ಏರಿದರೆ ನೀವು ಗಾಬರಿಯಾಗುವುದು ಬೇಡ. ತೊಟ್ಟಿಲಲ್ಲಿದ್ದಾಗ ತೂಗುವುದು ಅರೆಗಳಿಗೆ ತಡವಾದರೂ ನಾನು ಮುಷ್ಟಿ ಕಟ್ಟುತ್ತಿದ್ದೆನೆಂದು ನಮ್ಮವ್ವ ಮೂಕಮ್ಮ ಈಗಲೂ ಊರಿಗೆಲ್ಲ ಹೇಳುತ್ತಾಳೆ. ಇಂಥವಳನ್ನು ಹುಡುಕಿ ಫಿನ್‌ಲ್ಯಾಂಡಿನ ಒಂದು ಯೂನಿವರ್ಸಿಟಿ ತನ್ನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಟ್ರೈನಿ ಮಾಡಿಕೊಂಡಿತು. ಹೊರದೇಶಗಳಿಂದ ಓದಲು ಬರುವವರಿಗೆ ಸಮಾಧಾನದಿಂದ ಉತ್ತರ ಕೊಡುವುದೇ ಅಲ್ಲಿಯ ಕೆಲಸ.

ಅಲ್ಲೇ ಎಂ.ಎ. ಓದುತ್ತ ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುತ್ತೇನೆ. ಚಳಿ ಎಷ್ಟಿರುತ್ತದೆ, ಕುಕ್ಕರ್ ತರಬಹುದೇ, ಉಪ್ಪಿನಕಾಯಿಯನ್ನು ವಿಮಾನದಲ್ಲಿ ಬಿಡುತ್ತಾರೆಯೇ ಎಂದು ದಿನಕ್ಕೆ ನಲವತ್ತು ಮೇಲ್ ಬರುತ್ತವೆ. ಬಂದಿಳಿದವರಿಗೆ ರೂಮಿನ ಬೀಗದ ಕೈ ಕೊಡಬೇಕು, ಬಸ್ ಕಾರ್ಡ್ ಮಾಡಿಸಬೇಕು, ಮೊದಲ ವಾರ ಅಳುವವರ ಪಕ್ಕ ಸುಮ್ಮನೆ ಕೂರಬೇಕು. ನಮ್ಮಪ್ಪ ಪಾಪಣ್ಣ ಜಗಳೂರು ತಾಲ್ಲೂಕು ಕಚೇರಿಯಲ್ಲಿ ಅಟೆಂಡರ್. ಮಗಳು ಅಲ್ಲಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ನಾನು ಮಾಡೋದನ್ನೇ ಅವಳು ಕೋಟು ಹಾಕ್ಕೊಂಡು ಮಾಡ್ತಾಳೆ ಎನ್ನುತ್ತಾನೆ. ತಪ್ಪೇನೂ ಹೇಳುತ್ತಿಲ್ಲ.

ಆಫೀಸಿನ ಮುಖ್ಯಸ್ಥೆಯ ಹೆಸರು ಪೈವಿ. ಅಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕಂತೆ, ನನಗೆ ಬಾಯಿ ಬರಲಿಲ್ಲ, ಇವತ್ತಿಗೂ ಪೈವಿ ಮೇಡಂ ಎಂದೇ ಕರೆಯುತ್ತೇನೆ. ಮೊದಲ ದಿನ ನಾನು ಕುರ್ಚಿಯಲ್ಲಿ ಕೂತು ಎರಡು ನಿಮಿಷ ಆಗಿರಲಿಲ್ಲ, ಕಾಫಿ ಬೇಕಾ ಎಂದು ಕೇಳಿದರು. ಬೇಡ ಮೇಡಂ ಎಂದೆ. ಸರಿ ಎಂದು ತಮ್ಮ ಮಗ್ಗಿಗೆ ಸುರಿದುಕೊಂಡು ಹೋದರು. ಮಾರನೆಯ ದಿನ ಕೇಳಲಿಲ್ಲ. ಆ ವಾರ ಕೇಳಲಿಲ್ಲ. ಐದು ತಿಂಗಳು ಕೇಳಲಿಲ್ಲ. ದಿನಕ್ಕೆ ಮೂರು ಸಲ ಇಡೀ ಆಫೀಸು ಕಾಫಿಯಿಂದ ಘಮಘಮ ಎನ್ನುವಾಗ ನಾನು ಫ್ಲಾಸ್ಕಿನಲ್ಲಿ ತಂದ ಬಿಸಿನೀರು ಕುಡಿದುಕೊಂಡು ಹಲ್ಲು ಕಚ್ಚಿಕೊಂಡು ಮೇಲ್ ಬರೆಯುತ್ತಿದ್ದೆ. ಓಹೋ, ಇವರೂ ಅಷ್ಟೇ ಎಂದುಕೊಂಡೆ.

ಈ 'ಅಷ್ಟೇ' ಹಿಂದೆ ಅಪ್ಪನ ಒಂದು ಕಾನೂನಿದೆ. ನಾವು ಬಿಳಿಚೋಡಿನ ಎ.ಕೆ. ಕಾಲೋನಿಯವರು. ಮನೆಯಲ್ಲಿ ಬುದ್ಧನ ಫೋಟೊ ಇದೆ, ಅಪ್ಪನಿಗೆ ಸರ್ಕಾರಿ ಕೆಲಸ ಇದೆ. ಆದರೂ ಸಾಹೇಬರ ಜೊತೆ ಜೀಪಿನಲ್ಲಿ ಹಳ್ಳಿಗೆ ಹೋದರೆ ಅಪ್ಪನಿಗಿಂತ ಮೊದಲು ಅಪ್ಪನ ಜಾತಿ ಆ ಊರು ಮುಟ್ಟಿರುತ್ತದೆ. ಎಲ್ಲರಿಗೂ ಕಾಫಿ ಬರುತ್ತದೆ, ಅಪ್ಪನನ್ನೂ ಒಂದು ಸಲ ಕೇಳುತ್ತಾರೆ, ಅಪ್ಪ ಬೇಡ ಎನ್ನುತ್ತಾನೆ. ಮೊದಲ ಸಲ ಕೇಳುವುದು ಬಾಯಿಮಾತಿಗೆ, ಎರಡನೇ ಸಲ ಕೇಳಿದರೆ ಮಾತ್ರ ಮನಸ್ಸಿನಿಂದ ಕೇಳಿದ್ದು, ಆಗ ಕುಡಿಯಬೇಕು ಎಂದು ನಮಗೆಲ್ಲ ಕಲಿಸಿದ್ದಾನೆ. ನಮ್ಮ ಕಡೆ ಯಾರೇ ಆದರೂ ಮೊದಲ ಸಲ ಬೇಡ ಎನ್ನುತ್ತಾರೆ, ಅದೊಂದು ಮರ್ಯಾದೆ. ಉಳಿದವರು ಮರ್ಯಾದೆ ತೋರಿಸಲು ಅನ್ನುತ್ತಾರೆ, ನಾವು ಮರ್ಯಾದೆ ಉಳಿಸಿಕೊಳ್ಳಲು ಅನ್ನುತ್ತೇವೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಎರಡನೇ ಸಲ ಕೇಳಿದ ಮನೆಗಳನ್ನು ಅಪ್ಪ ಊರು ಹೆಸರು ಸಮೇತ ಹೇಳಬಲ್ಲ, ಯಾಕೆಂದರೆ ಅವು ಹೆಚ್ಚಿಲ್ಲ.

ಇರಲಿ. ಕಳೆದ ಮೇ ತಿಂಗಳಲ್ಲಿ ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಮೂರು ವಾರ ಊರಿಗೆ ಬಂದೆ. ಬೇಕಾದರೆ ಊರಿನಿಂದಲೇ ಕೆಲಸ ಮಾಡು ಎಂದು ಪೈವಿ ಮೇಡಂ ಲ್ಯಾಪ್‌ಟಾಪ್ ಕೊಟ್ಟು ಕಳಿಸಿದ್ದರು. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ತಾರಸಿ ಮೇಲೆ ನೀರಿನ ಸಿಂಟೆಕ್ಸ್ ಪಕ್ಕ ಒಂದು ಚೂರು ನೆರಳು, ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡೆ. ಅದೇ ನನ್ನ ಇಂಟರ್‌ನ್ಯಾಷನಲ್ ಆಫೀಸು. ಬೀದಿಯಲ್ಲಿ ಹೋಗುವವರು ತಲೆಯೆತ್ತಿ, ಏನವ್ವ ಅರ್ಪಿತಾ, ಬಿಸಿಲಿಗೆ ಹಪ್ಪಳ ಒಣಗಿಸ್ತಿದೀಯಾ ಎಂದು ಕೇಳುತ್ತಿದ್ದರು.

ತೊಟ್ಟಿಲ ಶಾಸ್ತ್ರದ ಮಾರನೆಯ ದಿನ, ಶುಕ್ರವಾರ, ಒಂದು ಪಟ್ಟಿ ಟೈಪ್ ಮಾಡಬೇಕಿತ್ತು. ದಾವಣಗೆರೆಯ ಒಂದು ಕಾಲೇಜಿನ ಇಬ್ಬರಿಗೆ ನಮ್ಮ ಯೂನಿವರ್ಸಿಟಿಯಲ್ಲಿ ಒಂದು ಸೆಮಿಸ್ಟರ್ ಓದಲು ಪ್ರತಿ ವರ್ಷ ಜಾಗ ಇರುತ್ತದೆ, ಖರ್ಚೆಲ್ಲ ಯೂನಿವರ್ಸಿಟಿಯದೇ. ಹಿಂದಿನ ವಾರ ನಾನು ವಿಮಾನದಲ್ಲಿದ್ದಾಗ ಪೈವಿ ಮೇಡಂ ಒಬ್ಬರೇ ವಿಡಿಯೋದಲ್ಲಿ ಸಂದರ್ಶನ ಮುಗಿಸಿದ್ದರು. ನ್ಯಾಮತಿಯ ಪರಶುರಾಮ್ ಎಂಬ ಹುಡುಗ, ಮೇಡಂ ಕೇಳುವುದು ಮುಗಿಯುವ ಮೊದಲೇ ಎಸ್ ಎಂದಿದ್ದನಂತೆ. ಅವನ ಕಥೆ ಅಲ್ಲಿಗೆ ಸುಖವಾಗಿ ಮುಗಿಯಿತು. ಇನ್ನೊಬ್ಬಳು ಕಲ್ಪನಾ, ಎಂ.ಎಸ್ಸಿ., ಊರು ಚನ್ನಗಿರಿ ತಾಲ್ಲೂಕಿನ ಉಬ್ರಾಣಿ. ಅವಳ ಮುಂದೆ ಮೇಡಂ ಬರೆದಿದ್ದರು: ಎಲ್ಲರಿಗಿಂತ ಚೆನ್ನಾಗಿ ಮಾತಾಡಿದಳು. ಜಾಗ ಕೊಟ್ಟೆ. ಬೇಡ ಎಂದಳು.

ಬೇಡವೇ? ನನ್ನ ಕೈ ಅಲ್ಲೇ ನಿಂತಿತು. ಆ ವಿಡಿಯೋ ತೆಗೆದು ನೋಡಿದೆ. ಎರಡು ಜಡೆ ಹೆಣೆದುಕೊಂಡ ತೆಳ್ಳಗಿನ ಹುಡುಗಿ, ಹಿಂದೆ ಗೋಡೆಯ ಮೇಲೆ ಕ್ಯಾಲೆಂಡರು. ಈ ಜಾಗ ನಿನಗೆ ಬೇಕಾ ಎಂದು ಮೇಡಂ ಕೇಳುತ್ತಾರೆ. ಹುಡುಗಿ ಮುಖ ಅರಳಿಸಿ, ಇಲ್ಲ ಮೇಡಂ, ಪರವಾಗಿಲ್ಲ, ನನಗಿಂತ ಒಳ್ಳೆಯವರು ಇರಬಹುದು, ಅವರಿಗೆ ಕೊಡಿ ಎನ್ನುತ್ತಾಳೆ. ಹೇಳಿದ ಮೇಲೆ ಮೂರು ಸೆಕೆಂಡು ಕಣ್ಣು ಮಿಟುಕಿಸದೆ ಪರದೆಯನ್ನೇ ನೋಡುತ್ತಾಳೆ. ಆ ಮೂರು ಸೆಕೆಂಡು ಏನೆಂದು ಇಡೀ ಫಿನ್‌ಲ್ಯಾಂಡಿನಲ್ಲಿ ನನ್ನೊಬ್ಬಳಿಗೆ ಮಾತ್ರ ಗೊತ್ತು. ಅವಳು ಎರಡನೇ ಸಲ ಕೇಳುವುದನ್ನು ಕಾಯುತ್ತಿದ್ದಳು. ಮೇಡಂ ಸರಿ, ಶುಭವಾಗಲಿ ಎಂದು ಕಾಲ್ ಮುಗಿಸಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಂದು ಕೇಳಬೇಡಿ, ಇಬ್ಬರ ಮೇಲೂ. ತಕ್ಷಣ ಮೇಡಂಗೆ ಕಾಲ್ ಮಾಡಿ ಆ ಹುಡುಗಿಯ ಬೇಡ ಬೇಡವಲ್ಲ, ಇನ್ನೊಮ್ಮೆ ಕೇಳಬೇಕು ಎಂದೆ. ಅವರು ತಣ್ಣಗೆ, ಅವಳು ಓದಿದವಳು, ಸ್ಪಷ್ಟವಾಗಿ ಹೇಳಿದ್ದಾಳೆ, ಮತ್ತೆ ಕೇಳಿದರೆ ಅವಳ ಮಾತಿಗೆ ಬೆಲೆ ಕೊಡದೆ ಒತ್ತಡ ಹಾಕಿದಂತಾಗುತ್ತದೆ ಎಂದರು. ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಸಾಕು ಎಂದು ಎಲೆಯ ಮೇಲೆ ಅಡ್ಡ ಕೈ ಹಿಡಿದರೂ ಬೆರಳ ಸಂದಿಯಲ್ಲೇ ಪಾಯಸ ಬಿಡುತ್ತಾರೆ ಎಂದು ವಿವರಿಸಿದೆ. ಅದು ಹಿಂಸೆಯಲ್ಲವೇ ಎಂದು ಅವರು ನಿಜವಾಗಿಯೂ ನೊಂದುಕೊಂಡು ಕೇಳಿದರು. ನಾನು ಹತ್ತು ನಿಮಿಷ ಬಡಬಡಿಸಿದ ಮೇಲೆ ಒಂದು ಮಾತಿಗೆ ಬಂದರು. ಪಟ್ಟಿ ಕಳಿಸುವುದು ಅಲ್ಲಿಯ ನಾಲ್ಕು ಗಂಟೆಗೆ, ಅಂದರೆ ಇಲ್ಲಿಯ ಆರೂವರೆಗೆ. ಅಷ್ಟರೊಳಗೆ ಹುಡುಗಿ ತಾನಾಗಿ ವಿಡಿಯೋದಲ್ಲಿ ಎದುರಿಗೆ ಬಂದು ಬೇಕು ಎಂದರೆ ಅವಳದು. ಇಲ್ಲದಿದ್ದರೆ ಆ ಜಾಗ ಬೇರೊಂದು ದೇಶದ ಕಾಲೇಜಿಗೆ ಹೋಗುತ್ತದೆ. ಗಂಟೆ ಆಗ ಹನ್ನೊಂದೂಕಾಲು.

ಹುಡುಗಿಗೆ ಮೇಲ್ ಹಾಕಿದೆ, ನೋಡಲಿಲ್ಲ. ಕಾಲೇಜಿಗೆ ರಜೆ, ಅಲ್ಲಿಯ ಮೇಷ್ಟ್ರ ಫೋನು ಸ್ವಿಚ್ ಆಫ್. ಫಾರಂನಲ್ಲಿದ್ದ ಒಂದೇ ಒಂದು ನಂಬರು ಅವಳ ಅಪ್ಪ ಗುರುಬಸವರಾಜ್ ಅವರದು. ನಮ್ಮ ಕಡೆ ಹೆಣ್ಣುಮಕ್ಕಳು ಯಾವ ಫಾರಂ ತುಂಬಿದರೂ ಅಪ್ಪನ ನಂಬರೇ ಕೊಡುತ್ತೇವೆ, ನಾನೂ ಕೊಟ್ಟಿದ್ದೆ. ಫೋನ್ ಹಚ್ಚಿ, ಸರ್, ಫಿನ್‌ಲ್ಯಾಂಡ್ ಯೂನಿವರ್ಸಿಟಿಯಿಂದ ಮಾತಾಡ್ತಿದೀನಿ, ನಿಮ್ಮ ಮಗಳು ಆಯ್ಕೆ ಆಗಿದ್ದಾರೆ, ಇವತ್ತು ಸಂಜೆ ಆರೂವರೆ ಒಳಗೆ ಒಪ್ಪಿಗೆ ಹೇಳಬೇಕು ಎಂದೆ. ಹೇಳುತ್ತಿದ್ದ ಹಾಗೇ ನನಗೇ ಅನುಮಾನ ಬಂತು, ಇದು ಥೇಟ್ ಯಾವುದರಂತೆ ಕೇಳಿಸುತ್ತಿದೆ ಎಂದು.

"ಓಟಿಪಿ ಯಾವಾಗ ಕೇಳ್ತೀಯಮ್ಮ?" ಎಂದರು ಗುರುಬಸವರಾಜ್, ಬಹಳ ಶಾಂತವಾಗಿ. "ಈಗ್ಲೇ ಕೇಳಿಬಿಡು. ನನಗೆ ಅಡಿಕೆ ತೂಕ ಹಾಕಾಕೈತೆ."

ನಾನು ಬಿಳಿಚೋಡಿನವಳು, ಮಗಳ ಕೈಗೆ ಫೋನ್ ಕೊಡಿ ಎಂದೆ. ಈಗ ತಾನೆ ಫಿನ್‌ಲ್ಯಾಂಡು ಅಂದವಳು ಅರ್ಧ ನಿಮಿಷದಲ್ಲಿ ಬಿಳಿಚೋಡಿಗೆ ಹೆಂಗೆ ಬಂದೆ ಎಂದು ಕೇಳಿದರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು, ದನಿ ಏರಿತು. ಈಗಿನ ಕಳ್ಳರಿಗೆ ಸಿಟ್ಟು ಬೇರೆ ಬರ್ತೈತೆ ಎಂದು ಅವರು ಯಾರಿಗೋ ಹೇಳಿದ್ದು ಕೇಳಿಸಿತು, ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಬ್ಲಾಕ್ ಆಗಿದ್ದೆ. ಅವ್ವನ ನಂಬರಿನಿಂದ ಹಚ್ಚಿದೆ, ಅಣ್ಣನ ನಂಬರಿನಿಂದ ಹಚ್ಚಿದೆ, ನನ್ನ ದನಿ ಕೇಳಿದ ಕೂಡಲೇ ಅವೂ ಬ್ಲಾಕ್ ಆದವು.

ಕೆಳಗಿಳಿದು ಬಂದು ನಡುಮನೆಯಲ್ಲಿ ಮಲಗಿದ್ದ ಅಪ್ಪನನ್ನು ಎಬ್ಬಿಸಿದೆ. ಶಾಸ್ತ್ರಕ್ಕೆಂದು ಎರಡು ದಿನ ರಜೆ ಹಾಕಿ, ಆ ರಜೆಯನ್ನು ಒಂದು ನಿಮಿಷವೂ ಹಾಳು ಮಾಡದೆ ನಿದ್ದೆಗೆ ಬಳಸುತ್ತಿದ್ದ. ಕಥೆ ಪೂರ್ತಿ ಕೇಳಿ, ಆ ಹುಡುಗಿ ಬ್ಯಾಡ ಅಂದಳಾ, ಅವರು ಮತ್ತೆ ಕೇಳಲಿಲ್ವಾ ಎಂದು ಎರಡೇ ಪ್ರಶ್ನೆ ಕೇಳಿದ. ಆಮೇಲೆ ಎದ್ದು ಅಂಗಿ ಹಾಕಿಕೊಂಡು ಬೈಕಿನ ಕೀಲಿ ತೆಗೆದುಕೊಂಡ. ಉಬ್ರಾಣಿ ಇಲ್ಲಿಂದ ನೂರು ಕಿಲೋಮೀಟರ್ ಮೇಲಿದೆ ಎಂದು ಅಣ್ಣ ಹೇಳಿದ, ಊಟ ಮಾಡದೆ ಹೊರಡಬಾರದು ಎಂದು ಅವ್ವ ಹೇಳಿದಳು. ಅವ್ವನ ಮಾತನ್ನು ಮಾತ್ರ ಕೇಳಿ, ತಿಂದು ಹೊರಟಾಗ ಒಂದು ಗಂಟೆ.

ಅಪ್ಪನ ಬೈಕು ನಲವತ್ತು ದಾಟುವುದಿಲ್ಲ. ಬೈಕಿನ ದೋಷವಲ್ಲ, ಅಪ್ಪನದು. ನಲವತ್ತರ ಗೆರೆಯ ಮೇಲೆ ಮುಳ್ಳು ನಿಂತಿತೆಂದರೆ ಮುಗಿಯಿತು, ಹಿಂದೆ ಲಾರಿ ಹಾರ್ನ್ ಹೊಡೆದರೂ ಸರಿ, ಮುಂದೆ ರಸ್ತೆ ಖಾಲಿ ಬಿದ್ದಿದ್ದರೂ ಸರಿ. ದಾವಣಗೆರೆ ದಾಟಿ ಸಂತೇಬೆನ್ನೂರು ಬರುವಷ್ಟರಲ್ಲಿ ಬಿಸಿಲಿಗೆ ನನ್ನ ತಲೆ ಕಾದು ಹೋಗಿತ್ತು. ಅಪ್ಪ, ಐವತ್ತರಲ್ಲಾದರೂ ಹೋಗು, ಆ ಹುಡುಗಿಯ ಜೀವನದ ಪ್ರಶ್ನೆ ಎಂದು ಬೆನ್ನಿಗೆ ಗುದ್ದಿದೆ. ನಿನ್ನ ಜೀವನಾನೂ ಹಿಂದೆ ಕೂತೈತಲ್ಲವ್ವ ಎಂದ. ಚನ್ನಗಿರಿ ಬಸ್ ಸ್ಟ್ಯಾಂಡಿನ ಮುಂದೆ ಎಳನೀರು ಕುಡಿದು, ಉಬ್ರಾಣಿಯಲ್ಲಿ ಅವರಿವರನ್ನು ಕೇಳಿ ಗುರುಬಸವರಾಜ್ ಅವರ ಮನೆ ಮುಂದೆ ಇಳಿದಾಗ ಐದೂವರೆ ಆಗಿತ್ತು. ಇನ್ನು ಒಂದೇ ಗಂಟೆ.

ಗೇಟಿನ ಬಳಿ ಬಂದ ಗುರುಬಸವರಾಜ್ ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದರು. ಮನೆ ಬಾಗಿಲಿಗೇ ಬಂದುಬಿಟ್ಟಿರಾ ಎಂದು ಅವರಿಗೆ ಸಿಟ್ಟಿಗಿಂತ ಆಶ್ಚರ್ಯ ಜಾಸ್ತಿ ಆದ ಹಾಗಿತ್ತು. ನನ್ನ ಯೂನಿವರ್ಸಿಟಿಯ ಗುರುತಿನ ಚೀಟಿ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ಇಂಥವನ್ನ ಚನ್ನಗಿರಿ ಜೆರಾಕ್ಸ್ ಅಂಗಡೀಲಿ ಹತ್ತು ನಿಮಿಷದಲ್ಲಿ ಮಾಡಿಕೊಡ್ತಾರೆ ಎಂದರು. ಲ್ಯಾಪ್‌ಟಾಪ್ ತೆಗೆದು ಪೈವಿ ಮೇಡಂ ಫೋಟೊ ತೋರಿಸಿದೆ. ಬಿಳಿ ಹೆಂಗಸಿನ ಫೋಟೊ ನೋಡಿದ ಮೇಲೆ ಅವರ ಅನುಮಾನ ಇನ್ನೂ ಗಟ್ಟಿಯಾಯಿತು. ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಜೇಬಿನಿಂದ ತನ್ನ ಕಾರ್ಡು ತೆಗೆದು ಮುಂದೆ ಹಿಡಿದ. ಜಗಳೂರು ತಾಲ್ಲೂಕು ಕಚೇರಿ, ಮೇಲೆ ಸರ್ಕಾರದ ಲಾಂಛನ, ಕೆಳಗೆ ನೀಲಿ ಶಾಯಿಯ ಅರ್ಧ ಅಳಿಸಿದ ಸೀಲು. ಗುರುಬಸವರಾಜ್ ಅದನ್ನು ಒಂದೇ ಸಲ ನೋಡಿದರು, ಗೇಟಿನ ಚಿಲಕ ತೆಗೆದರು. ಫಿನ್‌ಲ್ಯಾಂಡಿನ ಕೈಲಿ ಆಗದ ಕೆಲಸ ಜಗಳೂರಿನ ಕೈಲಿ ಆಯಿತು.

ಒಳಗೆ ಬರ್ರಿ ಎಂದು ಇಬ್ಬರಿಗೂ ಸೇರಿಸಿಯೇ ಹೇಳಿದರು. ನಾನು ಗಾಡಿ ನೋಡ್ಕೊಂಡು ಇಲ್ಲೇ ಇರ್ತೀನಿ ಎಂದ ಅಪ್ಪ. ಗಾಡಿಯನ್ನು ಯಾರೂ ಕದಿಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಅವರು ಇನ್ನೊಮ್ಮೆ ಕರೆಯಲಿಲ್ಲ, ಅಪ್ಪ ಬೇವಿನ ಮರದ ಕೆಳಗೆ ಬೈಕಿಗೆ ಒರಗಿ ನಿಂತ.

ಪಡಸಾಲೆಯಲ್ಲಿ ಹಣೆ ತುಂಬ ಇಬತ್ತಿ ಹಚ್ಚಿಕೊಂಡ ಅಜ್ಜಿ ಕೂತಿದ್ದರು, ಗುರುಬಸವರಾಜ್ ಅವರ ತಾಯಿ ಸಿದ್ದಲಿಂಗಮ್ಮ. ಬಿಸಿಲಲ್ಲಿ ಬಂದೀಯ, ಕಾಫಿ ಕುಡಿತೀಯೇನವ್ವ ಎಂದರು. ಬ್ಯಾಡ್ರಿ ಅಜ್ಜಿ ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು. ಯಾವೂರು, ಯಾರ ಪೈಕಿ ಎಂದು ಕೇಳಿದರು. ಬಿಳಿಚೋಡು ಎ.ಕೆ. ಕಾಲೋನಿ ಎಂದೆ, ಯಾಕೆ ಮುಚ್ಚಿಡಬೇಕು. ಅಜ್ಜಿ ಹಂಗಾ ಎಂದು, ಮೊಣಕಾಲ ಮೇಲೆ ಕೈಯೂರಿ ಎದ್ದು ಒಳಗೆ ಹೋದರು. ಮುಗೀತು ಎಂದುಕೊಂಡೆ. ಇಪ್ಪತ್ತೈದು ವರ್ಷದಿಂದ ನೋಡಿದ್ದೇ. ಆದರೆ ನಾನು ಬಂದಿದ್ದು ಕಾಫಿಗಲ್ಲ.

ಕಲ್ಪನಾ ರೂಮಿನಿಂದ ಬಂದಳು. ವಿಡಿಯೋದಲ್ಲಿ ಅರಳಿದ್ದ ಮುಖ ಈಗ ಬಾಡಿತ್ತು. ನಾನು ಪೀಠಿಕೆ ಹಾಕದೆ, ಆ ಜಾಗ ಇನ್ನೂ ಇದೆ, ಬೇಕಾ ಎಂದು ಕೇಳಿದೆ. ಅವಳು ತನ್ನ ಅಪ್ಪನ ಕಡೆ ನೋಡಿ, ಇರಲಿ ಬಿಡ್ರಿ ಅಕ್ಕ, ಬೇರೆಯೋರಿಗೆ ಕೊಡ್ರಿ ಎಂದಳು. ಒಂದು ಬಿಡಬೇಕು ಎನ್ನಿಸಿತು ಕೆನ್ನೆಗೆ. ನೂರು ಕಿಲೋಮೀಟರು ನಲವತ್ತರಲ್ಲಿ ಬಂದಿದ್ದೇನೆ, ಸರಿಯಾಗಿ ಹೇಳು, ಬೇಕಾ ಎಂದು ಮತ್ತೆ ಕೇಳಿದೆ. ಅವಳ ಕಣ್ಣು ತುಂಬಿಕೊಂಡವು.

"ಯಾರು ಏನು ಕೊಟ್ರೂ ಮೊದ್ಲೇ ಕೈ ಚಾಚಬಾರದು ಅಂತ ಅಜ್ಜಿ ಹೇಳಿಕೊಟ್ಟೈತೆ ಅಕ್ಕ. ಮೇಡಂ ಇನ್ನೊಂದು ಸಲ ಕೇಳ್ತಾರೆ ಅನ್ಕೊಂಡೆ. ಕಾಲ್ ಕಟ್ ಮಾಡಿಬಿಟ್ರು. ಮತ್ತೆ ಮಾಡ್ತಾರೇನೋ ಅಂತ ನಾಕು ದಿನ ಮೇಲ್ ನೋಡಿದೆ. ಆಮೇಲೆ ನೋಡೋದನ್ನೇ ಬಿಟ್ಟೆ."

ಗುರುಬಸವರಾಜ್ ಕುರ್ಚಿಯಲ್ಲಿ ಕೂತುಬಿಟ್ಟರು. ಸಿಗಲಿಲ್ಲ ಅಂತ ಹೇಳಿದ್ದೆಯಲ್ಲ, ನೀನೇ ಬ್ಯಾಡ ಅಂದ್ಯಾ ಎಂದು ಅವರು ಕೇಳಿದಾಗ ದನಿ ಒಡೆದಿತ್ತು. ಅವಳು ಮನೆಯಲ್ಲಿ ಸುಳ್ಳು ಹೇಳಿದ್ದಳು. ಕೊಟ್ಟಿದ್ದನ್ನು ಬೇಡ ಅಂದೆ ಎಂದು ಹೇಳುವುದಕ್ಕಿಂತ ಸಿಗಲೇ ಇಲ್ಲ ಎಂದು ಹೇಳುವುದು ಅವಳಿಗೆ ಸುಲಭವಾಗಿತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳ ಪಕ್ಕ ಕೂತು ನಿಧಾನವಾಗಿ ಹೇಳಿದೆ, ಅಲ್ಲಿಯವರು ಒಂದೇ ಸಲ ಕೇಳುತ್ತಾರೆ, ಎರಡನೇ ಸಲ ಕೇಳಿದರೆ ನಿನಗೆ ಅವಮಾನ ಮಾಡಿದಂತೆ ಎಂದು ತಿಳಿಯುತ್ತಾರೆ, ಈಗ ಅವರು ಕೇಳಿದ ಕೂಡಲೇ ಬೇಕು ಎಂದುಬಿಡು. ತಲೆಯಾಡಿಸಿದಳು. ಮೂರು ಸಲ ಅಭ್ಯಾಸವನ್ನೂ ಮಾಡಿಸಿದೆ.

ಪಡಸಾಲೆಯ ಮೂಲೆಯಲ್ಲಿ ಟೀವಿ ಪಕ್ಕ ಮಾತ್ರ ನೆಟ್‌ವರ್ಕ್ ಬರುತ್ತಿತ್ತು. ಬಾಗಿಲಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನಾವಿಬ್ಬರೂ ನೆಲದ ಮೇಲೆ ಕೂತೆವು. ಎರಡು ಸಲ ಕಟ್ಟಾಗಿ ಮೂರನೇ ಸಲ ಪೈವಿ ಮೇಡಂ ಕಾಣಿಸಿಕೊಂಡಾಗ ಆರೂ ಹದಿನೆಂಟು. ಕೈಯಲ್ಲಿ ಅದೇ ಕಾಫಿ ಮಗ್ಗು. ಅವರು ಕಲ್ಪನಾಳಿಗೆ ನಮಸ್ಕಾರ ಹೇಳಿ, ನಿನಗೆ ಈ ಜಾಗ ಬೇಕಾ ಎಂದು ಕೇಳಿದರು.

ಕಲ್ಪನಾ ಬಾಯಿ ತೆರೆದಳು. ಹಿಂದೆ ಅವಳ ಅಪ್ಪ ನಿಂತಿದ್ದಾರೆ, ಒಳಗೆ ಅಜ್ಜಿ ಇದ್ದಾರೆ, ಮುಂದೆ ದೊಡ್ಡ ಮೇಡಂ. ಮೂರು ಸಲ ಮಾಡಿಸಿದ ಅಭ್ಯಾಸ ಹಾರಿಹೋಯಿತು. ನಿಮಗೆ ತೊಂದರೆ ಇಲ್ಲದಿದ್ದರೆ ಮೇಡಂ, ಬೇರೆ ಯಾರಿಗಾದರೂ ಅದರ ಅಗತ್ಯ ಇದ್ದರೆ ಅವರಿಗೇ ಕೊಟ್ಟರೂ ಎಂದು ಶುರುಮಾಡಿದಳು. ನಾನು ಅವಳ ತೊಡೆ ಚಿವುಟಿದೆ. ಅವಳು ಅಯ್ಯೋ ಎಂದು ನಿಲ್ಲಿಸಿದಳು. ಅಲ್ಲಿಗೆ ಮಾತು ಅರ್ಧಕ್ಕೇ ನಿಂತು, ಬೇಡ ಎಂದಂತೆಯೇ ಆಯಿತು. ಪರದೆಯಲ್ಲಿ ಮೇಡಂ ಹಿಂದಿನ ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ನಾನೇ ಮಾತಾಡಲೇ ಎಂದುಕೊಂಡೆ, ಮಾತಾಡಿದರೆ ಹುಡುಗಿ ತಾನಾಗಿ ಹೇಳಿದ್ದಲ್ಲ ಎನ್ನುತ್ತಾರೆ. ತುಟಿ ಕಚ್ಚಿಕೊಂಡು ಕೂತೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ಅದೇ ಮೊದಲು.

ಮೇಡಂ ಮಗ್ಗನ್ನು ಮೇಜಿನ ಮೇಲಿಟ್ಟರು. ಮುಂದಕ್ಕೆ ಬಾಗಿದರು. "ಕಲ್ಪನಾ, ನಮ್ಮಲ್ಲಿ ಹೀಗೆ ಮಾಡುವುದಿಲ್ಲ, ನನಗೆ ಇದು ಕಷ್ಟ" ಎಂದರು ಅವರ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ. "ಆದರೂ ಎರಡನೇ ಸಲ ಕೇಳುತ್ತಿದ್ದೇನೆ. ನಿನಗೆ ಬೇಕಾ?"

"ಬೇಕು ಮೇಡಂ" ಎಂದಳು ಕಲ್ಪನಾ, ಅಪ್ಪಟ ಕನ್ನಡದಲ್ಲಿ. ಆಮೇಲೆ ನಾಲಿಗೆ ಕಚ್ಚಿಕೊಂಡು ಅದನ್ನೇ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದಳು. ಮೇಡಂಗೆ ಮೊದಲನೆಯದೇ ಅರ್ಥವಾಗಿತ್ತು, ಆಗಲೇ ಬರೆದುಕೊಳ್ಳುತ್ತಿದ್ದರು. ಪಟ್ಟಿ ನನ್ನ ಎದುರಿಗೇ ಹೋಯಿತು, ಎರಡು ಹೆಸರು, ನ್ಯಾಮತಿ ಒಂದು, ಉಬ್ರಾಣಿ ಒಂದು. ಗುರುಬಸವರಾಜ್ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಬೆವರು ಇರಬೇಕು ಎಂದು ನಾನೂ ನಂಬಿದೆ. ಕಲ್ಪನಾ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ.

ಕಾಲ್ ಕಟ್ ಮಾಡುವ ಮೊದಲು ಪೈವಿ ಮೇಡಂ ಒಂದು ನಿಮಿಷ ಎಂದರು. ಅವರ ಕಣ್ಣು ಮೇಜಿನ ಮೇಲಿನ ಮಗ್ಗಿನ ಮೇಲಿತ್ತು. ನೀನು ಬಂದ ಮೊದಲ ದಿನ ನಾನು ಕಾಫಿ ಕೇಳಿದ್ದೆ, ಅದೂ ಹೀಗೆಯೇ ಏನು ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಹೌದು ಮೇಡಂ ಎಂದೆ. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಐದು ತಿಂಗಳು, ಐದು ತಿಂಗಳು ಎಂದು ಎರಡು ಸಲ ಹೇಳಿದರು. ನೀನು ಕಾಫಿ ಕುಡಿಯುವವಳಲ್ಲ ಎಂದು ತಿಳಿದು ನಿನ್ನೆದುರು ಕುಡಿಯಲೂ ಸಂಕೋಚಪಡುತ್ತಿದ್ದೆ ಎಂದರು. ನಾನು ಅವರ ಬಗ್ಗೆ ಏನೇನು ಅಂದುಕೊಂಡಿದ್ದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ನನಗೆ ನಾಚಿಕೆಯಾಯಿತು.

ಲ್ಯಾಪ್‌ಟಾಪ್ ಮುಚ್ಚುವಾಗ ನನ್ನ ಮುಂದೆ ಒಂದು ಸ್ಟೀಲ್ ಲೋಟ ಬಂದು ಕೂತಿತು. ಹೊಗೆಯಾಡುವ ಕಾಫಿ. ಲೋಟದ ಅಂಚಿನಲ್ಲಿ ಸಿದ್ದಲಿಂಗಮ್ಮ ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು, ಅಂದರೆ ಮನೆಯವರು ಕುಡಿಯುವ ಲೋಟವೇ. ಅಜ್ಜಿ ಏನೂ ಕೇಳಲಿಲ್ಲ, ಕುಡಿ, ಆರ್ತೈತೆ ಎಂದರು ಅಷ್ಟೇ. ಅವರು ಒಳಗೆ ಹೋಗಿದ್ದು ಒಲೆ ಹಚ್ಚಲು, ನನ್ನ ತಲೆ ಏನೇನೋ ಹೆಣೆದಿತ್ತು. ಅಪ್ಪನಿಗೂ ಒಂದು ಲೋಟ ಕೇಳಿಬಿಡೋಣ ಎಂದು ಧೈರ್ಯ ಮಾಡಿ ಬಾಗಿಲ ಕಡೆ ತಿರುಗಿದೆ. ಬೇವಿನ ಮರದ ಕೆಳಗೆ ಬೈಕು ಒಂದೇ ನಿಂತಿತ್ತು. ಅಪ್ಪ ನನ್ನ ಬೆನ್ನ ಹಿಂದೆ, ಪಡಸಾಲೆಯ ಬೆಂಚಿನ ಮೇಲೆ, ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಎರಡೂ ಕೈಯಲ್ಲಿ ಲೋಟ ಹಿಡಿದಿದ್ದ, ಅದರ ಮೇಲೂ ಅದೇ ಹೆಸರು. ನನ್ನ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ನಾನು ನನ್ನ ಲೋಟ ಎತ್ತಿಕೊಂಡೆ.

ಊಟ ಮಾಡಿಕೊಂಡೇ ಹೋಗಬೇಕು ಎಂದು ಗುರುಬಸವರಾಜ್ ಹಟ ಹಿಡಿದರು. ತಡವಾಗುತ್ತದೆ ಎಂದು ಹೇಳಿ, ಅವರು ಕಟ್ಟಿಕೊಟ್ಟ ರೊಟ್ಟಿ ಚಟ್ನಿ ಪುಡಿ ಹಿಡಿದುಕೊಂಡು ಹೊರಟೆವು. ನಮ್ಮ ಮೂರು ನಂಬರನ್ನೂ ಬ್ಲಾಕಿನಿಂದ ತೆಗೆದು, ಫಿನ್‌ಲ್ಯಾಂಡ್ ಅರ್ಪಿತಾ, ಅರ್ಪಿತಾ ಅವ್ವ, ಅರ್ಪಿತಾ ಅಣ್ಣ ಎಂದು ನನ್ನೆದುರಿಗೇ ಸೇವ್ ಮಾಡಿಕೊಂಡರು. ಆಮೇಲೆ ಅಪ್ಪನ ನಂಬರನ್ನೂ ಕೇಳಿ ಬರೆದುಕೊಂಡರು. ಕಲ್ಪನಾ ಗೇಟಿನವರೆಗೂ ಬಂದು, ಅಲ್ಲಿಗೆ ಉಪ್ಪಿನಕಾಯಿ ತರಬಹುದಾ ಅಕ್ಕ ಎಂದು ಕೇಳಿದಳು. ಮೇಲ್ ಹಾಕು, ಉತ್ತರ ಕೊಡ್ತೀನಿ ಎಂದೆ.

ಉಬ್ರಾಣಿ ದಾಟಿ ಸ್ವಲ್ಪ ದೂರ ಬಂದ ಮೇಲೆ ಅಪ್ಪ ಗಾಡಿ ನಿಲ್ಲಿಸಿದ. ಪಂಕ್ಚರ್ ಆಯಿತೇನೋ ಎಂದು ನಾನು ಇಳಿಯಲು ಹೊರಟೆ. ಅಪ್ಪ ಹಿಂದೆ ತಿರುಗದೆ, ಹ್ಯಾಂಡಲ್ ಹಿಡಿದುಕೊಂಡೇ ಮಾತಾಡಿದ.

"ಮೂರು ಸಲ ಕೇಳಿದ್ರು ಕಣವ್ವ, ಆ ಅಮ್ಮ. ಗೇಟಿನ ತಂಕ ಲೋಟ ಹಿಡ್ಕೊಂಡು ಬಂದು ತಗೊಳ್ರಿ ಅಂದ್ರು, ಬ್ಯಾಡ್ರಿ ಅಂದೆ. ಇನ್ನೊಂದು ಸಲ ಅಂದ್ರು. ಎರಡನೇ ಸಲಕ್ಕೆ ಕೈ ಚಾಚಿದೆ. ಅವರು ಕೊಡಲಿಲ್ಲ. ನಿಂತ್ಕೊಂಡು ಕುಡಿಯಾಕೆ ನೀವೇನು ಬಸ್ ಸ್ಟ್ಯಾಂಡಿನಾಗೆ ಇದೀರಾ, ಒಳಗೆ ಬಂದು ಕೂತ್ಕೊಂಡು ಕುಡೀರಿ ಅಂದ್ರು."

ನೀನು ಏನಂದೆ ಎಂದು ಕೇಳಿದೆ.

"ಸಕ್ಕರೆ ಕಮ್ಮಿ ಹಾಕ್ರಿ ಅಂದೆ" ಎಂದ ಅಪ್ಪ. ಗಾಡಿ ಸ್ಟಾರ್ಟ್ ಮಾಡಿದ. ಚನ್ನಗಿರಿ ಬರುವಷ್ಟರಲ್ಲಿ ನಾನು ಅವನ ಹೆಗಲ ಮೇಲಿಂದ ಇಣುಕಿ ನೋಡಿದೆ, ಮುಳ್ಳು ಐವತ್ತು ದಾಟಿತ್ತು.